ಓಡುತ್ತಿದ್ದ ಇಂಜಿನ್ ಬಿಚ್ಚಿದ್ದು

ಫೆಬ್ರವರಿ 1, ಸಂಜೆ
ಎಷ್ಟು ಸೋಪು ಹಾಕಿದರೂ ಉಗುರಿನ ಗ್ರೀಸು ಹೋಗುತ್ತಿಲ್ಲ. ಇರಲಿ. ಇವತ್ತು ಕಾರ್ ರೇಸು ಗೆದ್ದೆವು. ಓಡಿಸಿದ್ದು ಅಣ್ಣ, ಇಂಜಿನ್ ಕಟ್ಟಿದ್ದು ನಾನು. ಎಲ್ಲರೂ ಅವನನ್ನು ಎತ್ತಿ ಕುಣಿಯುತ್ತಿದ್ದಾಗ ಕಾರಿನೊಳಗೆ ತಲೆ ಹಾಕಿದೆ. ಆರ್‌ಪಿಎಂ ಎಲ್ಲಿಯವರೆಗೆ ಏರಿತ್ತೋ ಅಲ್ಲೇ ನಿಲ್ಲುವ ಮುಳ್ಳೊಂದು ಮೀಟರಿನಲ್ಲಿದೆ. ಒಂಬತ್ತೂವರೆ ಸಾವಿರ! ನಾನು ಕಟ್ಟಿದ್ದು ಎಂಟೂವರೆಗೆ.
"ಏನಣ್ಣ ಇದು?"
"ಐದನೇ ಗೇರಿಂದ ನಾಲ್ಕಕ್ಕೆ ಹಾಕೋಕೆ ಹೋದೆ, ಎರಡಕ್ಕೆ ಬಿತ್ತು ಕಣೇ. ಏನೂ ಆಗಿಲ್ವಲ್ಲ, ಗೆದ್ದಿದೀವಲ್ಲ!"
ಇಂಜಿನ್ ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದೆ. ಅದು ಪೆಟ್ರೋಲು ನಿಲ್ಲಿಸಬಲ್ಲದು, ಅಷ್ಟೇ. ತಪ್ಪು ಗೇರಿಗೆ ಬಿದ್ದು ಚಕ್ರವೇ ಇಂಜಿನನ್ನು ತಿರುಗಿಸಿದರೆ ಅದೇನು ಮಾಡೀತು?

ಫೆಬ್ರವರಿ 2
ಗ್ಯಾರೇಜು ಸೋದರಮಾವನದು. "ಬಿಚ್ಚಬೇಕು" ಅಂದೆ.
"ತಲೆ ಕೆಟ್ಟಿದೆಯಾ? ಓಡೋ ಇಂಜಿನ್ ಯಾರಾದ್ರೂ ಬಿಚ್ತಾರಾ?"
ಪಿಸ್ಟನ್ ಹಿಡಿದಿರುವುದು ರಾಡು, ರಾಡನ್ನು ಹಿಡಿದಿರುವುದು ಎರಡು ಬೋಲ್ಟು. ಆ ವೇಗದ ಎಳೆತಕ್ಕೆ ಬೋಲ್ಟು ಕೂದಲೆಳೆಯಷ್ಟು ಉದ್ದವಾಗಿದ್ದರೂ ಮುಗಿಯಿತು. ಮುಂದಿನ ಸಲ ತುಂಡು. ರಾಡು ಬ್ಲಾಕ್ ಸೀಳಿಕೊಂಡು ಹೊರಗೆ, ಬಿಸಿ ಆಯಿಲ್ ಟೈರಿನ ಕೆಳಗೆ. ಕಾರಿನೊಳಗೆ ಅಣ್ಣ.
ಬಿಚ್ಚಿದರೆ ಭಾನುವಾರದ ರೇಸು ತಪ್ಪುತ್ತದೆ. ಕಾರಿನ ಯಜಮಾನರು ಫೋನಿನಲ್ಲಿ, "ಬಿಚ್ಚಮ್ಮ. ಒಳಗೆ ಏನೂ ಸಿಗದಿದ್ರೆ ನನ್ನ ಇಂಜಿನ್ ಮತ್ತೆ ಮುಟ್ಬೇಡ."
"ಆಗ್ಲಿ ಸರ್."
ಅಣ್ಣ ಗ್ಲೌಸ್ ಬಿಸಾಡಿದ. "ಸ್ಕೂಲು ಅರ್ಧಕ್ಕೆ ಬಿಟ್ಟೆ. ಈಗ ನನ್ನ ರೇಸನ್ನೂ ಬಿಡಿಸ್ತೀಯ?"
ಬಿಟ್ಟೆ, ಹೌದು. ಕೂತಲ್ಲೇ ಕೂರಲಾಗದೆ ಬಿಟ್ಟೆ. ಇದನ್ನು ಬಿಡುವುದಿಲ್ಲ.

ಫೆಬ್ರವರಿ 4
ನಾಲ್ಕು ರಾಡಿಗೆ ಎಂಟು ಬೋಲ್ಟು. ಕಟ್ಟುವಾಗಲೇ ಒಂದೊಂದರ ಉದ್ದವನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಈಗ ಮೈಕ್ರೋಮೀಟರಿನಲ್ಲಿ ಅಳೆದೆ. ಒರೆಸಿ ಮತ್ತೆ ಅಳೆದೆ. ಗೋಡೆಯ ಅಂಕಿಯೂ ಇದೂ ಒಂದೇ. ಬೇರಿಂಗಿನಲ್ಲಿ ಗೀರಿಲ್ಲ. ವಾಲ್ವು ನೆಟ್ಟಗಿವೆ.
ಏನೂ ಆಗಿಲ್ಲ. ಏನೆಂದರೆ ಏನೂ…
ಮಾವ ಗುಜರಿ ಡಬ್ಬಿ ಕೆದಕಿ, ಯಾವುದೋ ಹಳೆಯ ಇಂಜಿನಿನ, ಎಳೆತಕ್ಕೆ ಉದ್ದವಾಗಿದ್ದ ಬೋಲ್ಟೊಂದನ್ನು ನನ್ನ ಅಂಗೈಗೆ ಹಾಕಿದರು. "ಇದನ್ನೇ ತೋರಿಸು ಮಗಳೇ. ಅವ್ರಿಗೇನು ಗೊತ್ತಾಗುತ್ತೆ?"
ತಮಗಾಗಿ ಎಂದೂ ಸುಳ್ಳು ಹೇಳದ ಮನುಷ್ಯ. ಬೋಲ್ಟನ್ನು ಡಬ್ಬಿಗೇ ವಾಪಸು ಹಾಕಿದೆ.
"ಬೇಡ ಮಾವ."
ಫೋನ್ ಮಾಡಿದೆ. "ಏನೂ ಆಗಿರ್ಲಿಲ್ಲ ಸರ್."
"ಅಂದ್ರೆ ಸುಮ್ನೆ ಬಿಚ್ಚಿದೆ?"
"ಸುಮ್ನೆ ಅಲ್ಲ, ನೋಡೋಕೆ ಬಿಚ್ಚಿದೆ. ಮುಳ್ಳು ಮತ್ತೆ ಅಲ್ಲಿಗೆ ಹೋದ್ರೆ ಮತ್ತೆ ಬಿಚ್ತೀನಿ."
ಫೋನ್ ಕಟ್.

ಫೆಬ್ರವರಿ 8
ನಮ್ಮನ್ನು ಬಿಟ್ಟು ರೇಸು ನಡೆಯಿತು. ಅಣ್ಣ ಊಟದ ತಟ್ಟೆ ತಳ್ಳಿದ. "ಬೋಲ್ಟು ಕೆಟ್ಟಿತ್ತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"
"ಕೆಟ್ಟಿರ್ಲಿಲ್ವಲ್ಲ."
ಅಮ್ಮ ಇಬ್ಬರಿಗೂ ಸಾರು ಬಡಿಸಿದಳು. ಇಬ್ಬರೂ ಉಣ್ಣಲಿಲ್ಲ.

ಫೆಬ್ರವರಿ 17
ಯಜಮಾನರು ಹೊಸ ಮೆಕ್ಯಾನಿಕ್ಕನ್ನು ಕರೆತಂದರು. ಬಿಳಿ ಶೂ. ಇಂಜಿನ್ ಜೋಡಿಸುವುದು ಅವನೇ ಅಂತೆ. ನಾನು ಬೋಲ್ಟುಗಳ ಮುಂದೆ ನಿಂತೆ, ಕದಲಲಿಲ್ಲ.
ಅಣ್ಣ ಅವನನ್ನು ಕೇಳಿದ, "ನೀವು ಕಟ್ಟಿದ್ದು ಯಾವತ್ತಾದ್ರೂ ಕೈಕೊಟ್ಟಿದ್ಯಾ?"
"ಛೇ, ಒಂದ್ಸಲಾನೂ ಇಲ್ಲ!"
ಅಣ್ಣ ಹೆಲ್ಮೆಟ್ ತಂದು ಬಿಳಿ ಶೂವಿನವನ ಕೈಗಿಟ್ಟ. "ಹಾಗಾದ್ರೆ ನೀವೇ ಓಡಿಸಿ." ಯಜಮಾನರ ಕಡೆ ತಿರುಗಿ, "ಕೆಲಸ ಹೋಗುತ್ತೆ ಅಂತ ಗೊತ್ತಿದ್ರೂ, ಏನೂ ಸಿಗ್ಲಿಲ್ಲ ಅಂತ ಇವಳು ನಿಜಾನೇ ಹೇಳಿದ್ಲು ಸರ್. ಇವಳು ಸರಿಯಿದೆ ಅಂದ್ರೆ ಮಾತ್ರ ನಾನು ಕೂರೋದು."
ಯಜಮಾನರು ಬಿಚ್ಚಿಟ್ಟ ಬೋಲ್ಟೊಂದನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ನನಗೆ, "ಎಂಟೂವರೆ ತಡ್ಕೊಳುತ್ತಾ?"
"ಒಂಬತ್ತೂವರೆ ತಡ್ಕೊಂಡಿದೆ ಸರ್. ಬಿಚ್ಚಿ ನೋಡಿದೀನಲ್ಲ."

ಫೆಬ್ರವರಿ 22, ಬೆಳಿಗ್ಗೆ
ಇಂಜಿನ್ ಜೋಡಿಸಿದ್ದು ನಾನೇ. ಟ್ರ್ಯಾಕಿನ ಪಕ್ಕ ಟೈರಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಣ್ಣ ಬೆಲ್ಟು ಬಿಗಿದುಕೊಂಡು ಕೇಳಿದ, "ಎಲ್ಲೀವರೆಗೆ ತುಳೀಲಿ?"
"ಎಂಟೂವರೆ. ದಾಟಿದ್ರೆ…"
"ಬಿಚ್ತೀಯ. ಗೊತ್ತು ಮಾರಾಯ್ತಿ."
ಕಾರುಗಳು ಹೊರಟವು. ತಿರುವಿಗೆ ಬಂದ. ಐದರಿಂದ… ನಾಲ್ಕಕ್ಕೇ ಬಿತ್ತು, ಕೇಳಿಸಿತು. ಈಗ ನೇರ ದಾರಿ. ಸದ್ದು ಏರುತ್ತಿದೆ. ಏಳೂವರೆ ಇರಬೇಕು. ಎಂಟು. ಎಂಟೂವರೆ. ಅಲ್ಲೇ ಗೇರು ಬದಲಿಸಿದ.