ಬೊಳ್ಳಿಯ ನೀರಿನ ಬಟ್ಟಲು

ಅಳದಂಗಡಿ
ಬುಧವಾರ, 19 ನವೆಂಬರ್ 2025

ಪ್ರೀತಿಯ ಮಗಳು ಅನಿಷಾಳಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯಾ ಮಗಳೇ? ಧಾರವಾಡದಲ್ಲಿ ಚಳಿ ಶುರುವಾಗಿರಬೇಕು. ಅರಣ್ಯ ರಕ್ಷಕರ ತರಬೇತಿಯಲ್ಲಿ ಬೆಳಿಗ್ಗೆ ಐದಕ್ಕೇ ಓಟ ಎಂದಿದ್ದೆ. ಮೊಣಕಾಲಿನ ನೋವು ಕಡಿಮೆಯಾಯಿತೇ? ಅಮ್ಮ ಕೊಟ್ಟ ಎಣ್ಣೆ ಪೆಟ್ಟಿಗೆಯಲ್ಲೇ ಉಳಿಯದಿರಲಿ. ಸೂರ್ಯ ಮುಳುಗುವ ಮೊದಲು ಊಟ ಸಿಗದ ದಿನ ಹಸಿದು ಮಲಗಬೇಡ, ಕತ್ತಲಾದರೂ ಉಣ್ಣು. ಬಸದಿಯ ಇಂದ್ರನಾಗಿ ಪೂಜೆ ಮಾಡುವ ನಾನೇ ಹೇಳುತ್ತಿದ್ದೇನೆ. ನಾವು ಇಲ್ಲಿ ಆರೋಗ್ಯವಾಗಿದ್ದೇವೆ. ಕಾಯಿ ಸುಲಿಯುವಾಗ ನನ್ನ ಎಡಗೈ ಹೆಬ್ಬೆರಳಿಗೆ ಸಣ್ಣ ಗಾಯವಾಗಿ ಕಾಗದವನ್ನು ಒತ್ತಿ ಹಿಡಿಯಲಾಗುತ್ತಿಲ್ಲ. ಸಾಲುಗಳು ಸೊಟ್ಟ ಕಂಡರೆ ಅದೇ ಕಾರಣ.

ಭಾನುವಾರ ಸಂಜೆ ಫೋನಿನಲ್ಲಿ ನೀನು ಬೊಳ್ಳಿಯನ್ನು ವಿಚಾರಿಸಿದೆ. ಚೆನ್ನಾಗಿದ್ದಾಳೆ ಎಂದೆ. ನಿನ್ನ ಹಿಂದೆ ಸರದಿಯಲ್ಲಿ ನಿಂತಿದ್ದವರ ಮಾತು ನನಗೆ ಕೇಳುತ್ತಿತ್ತು. ವಾರಕ್ಕೊಮ್ಮೆ ನಿನಗೆ ಫೋನ್ ಸಿಗುವ ಆ ಹತ್ತು ನಿಮಿಷದಲ್ಲಿ ಹೇಳುವಂಥ ವಿಷಯ ಇದಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನೀನು ಹೊರಟ ದಿನ ಬೊಳ್ಳಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಭಾನುವಾರದ ನಾಯಿ ಕ್ಲಬ್ಬು ಒಂದನ್ನು ತಪ್ಪಿಸಬೇಡಿ ಅಪ್ಪ ಎಂದಿದ್ದೆ. ನಾಯಿ ಮುಟ್ಟಿದರೆ ಸ್ನಾನ ಮಾಡಿಯೇ ಬಸದಿಯ ಬಾಗಿಲು ತೆಗೆಯುವ ನಾನು, ಐವತ್ತೆಂಟನೆಯ ವಯಸ್ಸಿನಲ್ಲಿ ಪಂಚೆ ಎತ್ತಿ ಕಟ್ಟಿ ಲಾಯಿಲದ ಮೈದಾನದಲ್ಲಿ ನಾಯಿಯ ಪಕ್ಕ ಓಡಿದೆ. ಮೊದಲ ವಾರ ಎಲ್ಲರೂ ನಕ್ಕರು. ತರಬೇತಿ ಕೊಡುವ ರುಕ್ಮಯ್ಯ ಮಾಸ್ಟ್ರು ಸೀಟಿ ಊದುವುದನ್ನೇ ಮರೆತು ನಿಂತಿದ್ದರು. ಆಮೇಲೆ ನನಗೆ ಅದು ರೂಢಿಯಾಯಿತು, ರೂಢಿ ಎನ್ನುವುದಕ್ಕಿಂತ ಆಸೆಯಾಯಿತು. ಬೊಳ್ಳಿ ಅಡ್ಡಕಂಬಗಳನ್ನು ಹಾರಿ, ಹಳೆಯ ಟಯರಿನೊಳಗೆ ನುಗ್ಗಿ, ಮಾಸ್ಟ್ರ ಹೆಂಡತಿ ದಮಯಂತಿಯಮ್ಮ ಟರ್ಪಾಲಿನಲ್ಲಿ ಹೊಲಿದ ಉದ್ದದ ಸುರಂಗದಿಂದ ಹೊರಬಂದು ನನ್ನ ಕಾಲ ಬಳಿ ಕೂರುತ್ತಾಳೆ. ಊರ ಜಾತಿಯ ನಾಯಿ ಎಂದು ಅವಳನ್ನು ಮೂಗು ಮುರಿದು ನೋಡಿದವರ ದುಬಾರಿ ನಾಯಿಗಳು ಇನ್ನೂ ಟಯರನ್ನು ಮೂಸುತ್ತಿರುತ್ತವೆ. ಓಟ ಮುಗಿದ ಮೇಲೆ ಎಲ್ಲರೂ ಜಮಖಾನೆ ಹಾಸಿ ಚಾ ಕುಡಿಯುತ್ತಾರೆ. ಕಾರ್ಯದರ್ಶಿ ಪದ್ಮಾಕ್ಷಿ ಟೀಚರ್ ನನಗೆಂದೇ ಈರುಳ್ಳಿ, ಶುಂಠಿ ಹಾಕದ ಗೋಳಿಬಜೆಯನ್ನು ಬೇರೆ ಡಬ್ಬಿಯಲ್ಲಿ ತರುತ್ತಾರೆ. ಬಸದಿಯ ಅಂಗಳ ಬಿಟ್ಟು ಹೊರಗೆ ನನಗೆ ಗೆಳೆಯರು ಸಿಕ್ಕಿದ್ದು ಇದೇ ಮೊದಲು. ಇದನ್ನು ಹೇಳುವುದು ಯಾಕೆಂದರೆ, ಮುಂದಿನ ತಪ್ಪಿಗೆ ಕಾರಣ ಇದೇ.

ಬೊಳ್ಳಿಯ ವರ್ಷದ ರೇಬೀಸ್ ಇಂಜೆಕ್ಷನ್ ಆಗಸ್ಟ್ ಕೊನೆಗೆ ಇತ್ತು. ನೀನು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ ಹೋಗಿದ್ದೆ. ಅದು ದಶಲಕ್ಷಣ ಪರ್ವದ ನಡುವೆ ಬಿತ್ತು. ಆ ಹತ್ತು ದಿನ ಒಂದು ಜೀವಕ್ಕೆ ಸೂಜಿ ಚುಚ್ಚಿಸುವುದು ಬೇಡ, ಪರ್ವ ಕಳೆದ ಮೇಲೆ ನೋಡುವ ಎಂದುಕೊಂಡೆ. ಕಳೆದ ಮೇಲೆ ಮರೆತೆ. ಅಕ್ಟೋಬರ್ ಹನ್ನೆರಡರಂದು ಮೂಡಬಿದಿರೆಯ ಸ್ಪರ್ಧೆಗೆ ಹೆಸರು ಬರೆಸುವ ದಿನ. ಎಲ್ಲರೂ ಇಂಜೆಕ್ಷನ್ ಪುಸ್ತಕ ಹಿಡಿದು ಸಾಲಿನಲ್ಲಿ ನಿಂತಿದ್ದರು. ಪುಸ್ತಕ ಇಲ್ಲದ ನಾಯಿ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಪದ್ಮಾಕ್ಷಿ ಟೀಚರ್ ತಲೆ ಎತ್ತಿ, ಆಗಸ್ಟಿನದ್ದು ಆಗಿದೆಯಲ್ಲ ಎಂದು ಕೇಳಿದರು. ನಾನು ತಲೆ ಆಡಿಸಿದೆ. ಪುಸ್ತಕ ತೆಗೆಯುವ ನಟನೆಗೆ ಚೀಲಕ್ಕೆ ಕೈ ಹಾಕಿದಾಗ ಅವರೇ ತಡೆದರು. "ಬೇಡ ಬೇಡ. ಇಂದ್ರರು ಆಗಿದೆ ಅಂದ ಮೇಲೆ ಪುಸ್ತಕ ಯಾಕೆ ನನಗೆ?" ಅವರು ಬರೆದುಕೊಂಡರು. ಅದೇ ಪರ್ವದಲ್ಲಿ ಸತ್ಯಧರ್ಮದ ದಿನ ಮುಕ್ಕಾಲು ಗಂಟೆ ಪ್ರವಚನ ಹೇಳಿದವನು ನಾನು.

ಮರುದಿನವೇ ಸದ್ದಿಲ್ಲದೆ ಹಾಕಿಸಿಬಿಡುವ ಯೋಚನೆ ಇತ್ತು. ಆದರೆ ಪಶು ಆಸ್ಪತ್ರೆಯಲ್ಲಿ ಪುಸ್ತಕಕ್ಕೆ ಆ ದಿನದ ತಾರೀಕನ್ನೇ ಹಾಕುತ್ತಾರೆ. ಅಲ್ಲಿಯ ಕಂಪೌಂಡರು ನಮ್ಮ ಕ್ಲಬ್ಬಿನವರೇ. ಹೀಗೆ ಎಳೆಯುತ್ತಿರುವಾಗ, ದೀಪಾವಳಿ ಕಳೆದ ಮರುದಿನ ಬೆಳಿಗ್ಗೆ ಹಣತೆ ಎತ್ತಿಡುವ ಹೊತ್ತಿಗೆ, ಬಾಯಿಂದ ಜೊಲ್ಲು ಇಳಿಸುತ್ತಿದ್ದ ಒಂದು ಬಡಕಲು ಬೀದಿ ನಾಯಿ ಅಂಗಳಕ್ಕೆ ನುಗ್ಗಿ ಬೊಳ್ಳಿಯ ಕಿವಿ ಕಚ್ಚಿತು. ಎರಡು ದಿನದಲ್ಲಿ ಆ ನಾಯಿ ಕೆರೆಯ ಬದಿಯಲ್ಲಿ ಸತ್ತು ಬಿದ್ದಿತ್ತು. ನಾನು ಬೊಳ್ಳಿಯ ಕಿವಿಗೆ ಅರಸಿನ ಹಚ್ಚಿದೆ. ಅರಸಿನ, ಅನಿಷಾ. ನನ್ನ ಕೈಯಲ್ಲಿ ಆದದ್ದು ಅಷ್ಟೇ.

ಕಳೆದ ಭಾನುವಾರ ಬೊಳ್ಳಿ ಸುರಂಗದೊಳಗೆ ಹೋದವಳು ಹೊರಗೆ ಬರಲಿಲ್ಲ. ಸುರಂಗದ ಬಾಯಲ್ಲಿ ಕೂತು ನಾಯಿಗಳನ್ನು ಹಿಡಿದುಕೊಳ್ಳುವುದು ದಮಯಂತಿಯಮ್ಮನ ಕೆಲಸ. ಲಾಯಿಲದಲ್ಲಿ ನಿನ್ನ ಸಮವಸ್ತ್ರ ಹೊಲಿದುಕೊಟ್ಟರಲ್ಲ, ಅವರೇ. ಕರೆದು ನೋಡಿ, ಆಮೇಲೆ ಒಳಗೆ ಕೈ ಹಾಕಿದರು. ಬೊಳ್ಳಿ ಮಣಿಕಟ್ಟನ್ನು ಕಚ್ಚಿ ಹಿಡಿದಳು. ನಾನು ಓಡಿ ಹೋಗಿ ಬಿಡಿಸಿದೆ. ರಕ್ತ ಬಂದಿತ್ತು. ಮಾಸ್ಟ್ರು ಆಸ್ಪತ್ರೆಗೆ ಹೊರಡುವ ಎಂದರು. ಪದ್ಮಾಕ್ಷಿ ಟೀಚರ್ ಕ್ಲಬ್ಬಿನ ಪುಸ್ತಕ ತೆರೆದು ತಾವೇ ಬರೆದದ್ದನ್ನು ತೋರಿಸಿದರು. ದಮಯಂತಿಯಮ್ಮ ನಕ್ಕರು. "ಇಂದ್ರರ ನಾಯಿ ಅಲ್ವಾ, ಇಂಜೆಕ್ಷನ್ ಆಗಿದೆ. ಒಂದು ಸೋಪು ಕೊಡಿ, ಸಾಕು." ಅವರು ಕೈ ತೊಳೆಯುತ್ತಿದ್ದಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ.

ಇನ್ನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಸೋಮವಾರ ಬೊಳ್ಳಿ ಅನ್ನ ಬಿಟ್ಟಳು. ಅವಳನ್ನು ಹೂ ಕಟ್ಟುವ ಕೊಟ್ಟಿಗೆಯಲ್ಲಿ ಕೂಡಿ ಅಗಳಿ ಹಾಕಿದ್ದೇನೆ, ಅಮ್ಮನನ್ನು ಹತ್ತಿರ ಬಿಡುತ್ತಿಲ್ಲ. ನಿನ್ನೆ ಮೂಲೆಗೆ ಮುಖ ಮಾಡಿ ಮಲಗಿದ್ದಳು. ಕೋಲಿನಿಂದ ನೀರಿನ ಬಟ್ಟಲನ್ನು ಮುಂದಕ್ಕೆ ತಳ್ಳಿ, ಬಾಗಿಲಿನ ಜಾಲರಿಯ ಈಚೆ ಕೂತು ಅವಳ ಗಂಟಲನ್ನೇ ನೋಡುತ್ತೇನೆ. ಇಂದು ಬೆಳಿಗ್ಗೆ ಬಟ್ಟಲನ್ನು ನೋಡಿ ಮುಖ ತಿರುಗಿಸಿದಳು. ಬಾಯಾರಿಕೆ ಇರಲಿಲ್ಲವೋ ಏನೋ. ನೀರಿನ ಮಟ್ಟಕ್ಕೆ ಕುಂಕುಮದಲ್ಲಿ ಗೆರೆ ಎಳೆದಿದ್ದೇನೆ. ಗೆರೆ ಮತ್ತು ನೀರು ಇನ್ನೂ ಒಂದೇ ಕಡೆ ಇವೆ. ಅಮ್ಮನಿಗೆ ಏನೂ ತಿಳಿಯದು. "ನಿಮಗೂ ನಾಯಿಗೂ ಒಂದೇ ಕಾಯಿಲೆ, ಇಬ್ಬರೂ ಉಣ್ಣುವುದಿಲ್ಲ" ಎಂದಳು.

ಕಚ್ಚಿದ ನಾಯಿ ಹತ್ತು ದಿನ ಬದುಕಿದ್ದರೆ ಭಯವಿಲ್ಲ ಎಂದು ಎಲ್ಲೋ ಓದಿದ್ದೆ. ಇವತ್ತಿಗೆ ಮೂರು. ಇನ್ನು ಏಳು ದಿನ ಬಾಯಿ ಮುಚ್ಚಿ ಕೂತರೆ ಯಾರಿಗೂ ಗೊತ್ತಾಗದೆ ಎಲ್ಲ ಸರಿಹೋಗಬಹುದು. ಒಂಬತ್ತನೆಯ ದಿನ ಬೊಳ್ಳಿಗೆ ಏನಾದರೂ ಆದರೆ? ದಮಯಂತಿಯಮ್ಮ ಆ ಒಂಬತ್ತು ದಿನವನ್ನೂ ನನ್ನ ಮಾತು ನಂಬಿ ಹೊಲಿಗೆ ಯಂತ್ರದ ಮುಂದೆ ಕಳೆದಿರುತ್ತಾರೆ. ನಾನು ಏನು ಮಾಡಲಿ ಎಂದು ನಿನ್ನನ್ನು ಕೇಳುವುದಕ್ಕೇ ಈ ಪತ್ರಕ್ಕೆ ಕೂತದ್ದು. ಇಷ್ಟು ಬರೆದ ಮೇಲೆ ಲೆಕ್ಕ ಹಾಕಿದೆ. ಇದು ನಿನಗೆ ಮುಟ್ಟಲು ನಾಲ್ಕು ದಿನ, ನಿನ್ನ ಉತ್ತರ ಬರಲು ಇನ್ನೂ ನಾಲ್ಕು.

ಚೆನ್ನಾಗಿ ಓಡು, ಚೆನ್ನಾಗಿ ಕಲಿ. ನಿನ್ನ ಕೋಣೆಯ ಗೆಳತಿಯರಿಗೆ ನಮ್ಮ ನೆನಪು ಹೇಳು. ಸ್ವಾಮಿಯ ಮುಂದೆ ನಿನ್ನ ಹೆಸರಿನಲ್ಲಿ ದಿನವೂ ಒಂದು ದೀಪ ಹಚ್ಚುತ್ತಿದ್ದೇನೆ.

ನಿನ್ನ ಅಪ್ಪ,
ಸುಕುಮಾರ

ತಾ.ಕ.: ಪತ್ರವನ್ನು ಅಂಚೆಗೆ ಹಾಕದೆ ಬಸ್ಸು ಹತ್ತಿದೆ. ಇದನ್ನು ಬೆಳ್ತಂಗಡಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಲಾಯಿಲಕ್ಕೆ ಹೋಗಿ ದಮಯಂತಿಯಮ್ಮನಿಗೆ ಎಲ್ಲ ಹೇಳಿದೆ. ಹೊಲಿಗೆ ನಿಲ್ಲಿಸಿದರು. "ಆ ದಿನವೇ ಹೇಳಿದ್ರೆ ಏನಾಗ್ತಿತ್ತು ಇಂದ್ರರೇ? ಟೀಚರ್ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ರಾ?" ಮಾಸ್ಟ್ರು ಸ್ಕೂಟರ್ ತೆಗೆದರು. ಇಂಜೆಕ್ಷನ್ ಆದ ನಾಯಿ ಕಚ್ಚಿದ್ದರೂ ಅವತ್ತೇ ಬರಬೇಕಿತ್ತು ಎಂದು ಡಾಕ್ಟರು ಬೈದರು. ದಮಯಂತಿಯಮ್ಮನಿಗೆ ಮೊದಲ ಸೂಜಿ ಆಯಿತು. ಅವರು ಎದ್ದು ಬರುವಾಗ ನನ್ನ ಕಡೆ ಬೆರಳು ತೋರಿಸಿ, "ಇವರ ಹೆಬ್ಬೆರಳೂ ನೋಡಿ ಡಾಕ್ಟ್ರೇ, ನನ್ನ ಕೈ ಬಿಡಿಸಿದ್ದು ಇವರೇ" ಎಂದರು. ಮೇಲೆ ಕಾಯಿ ಸುಲಿದ ಗಾಯ ಎಂದು ಬರೆದದ್ದನ್ನು ಹೊಡೆದುಹಾಕು, ಅದು ಬೊಳ್ಳಿಯ ಹಲ್ಲು. ಈಗಷ್ಟೇ ಅಮ್ಮ ಫೋನ್ ಮಾಡಿದಳು. ಬೊಳ್ಳಿ ಎದ್ದು ಬಟ್ಟಲಿನ ಹತ್ತಿರ ಬಂದು ನಿಂತಿದ್ದಾಳಂತೆ. ಕುಡಿದಳೇ ಎಂದು ಕೇಳುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದರು.