ಲಾಂಡ್ರಿ ಮುಂದಿನ ಐದು ಹೆಂಗಸರು

ಬಾಸ್ಟನ್, 9 ಫೆಬ್ರವರಿ 1974

ಪ್ರೀತಿಯ ಅಜ್ಜಿ,

ಹೆಂಗಸರ ಚರಿತ್ರೆಯ ಪಾಠಕ್ಕೆಂದು ಗ್ರಂಥಾಲಯದಲ್ಲಿ ಹಳೆಯ ಫೋಟೋ ನೋಡುತ್ತಿದ್ದಾಗ ನೀನೇ ಸಿಕ್ಕಿಬಿಟ್ಟೆ! ನಮ್ಮೂರು ಮೇಕನ್ನಿನ ಲಾಂಡ್ರಿ ಮುಂದೆ ಮುಷ್ಕರದ ಫಲಕ ಹಿಡಿದ ಐದು ಕರಿಯ ಹೆಂಗಸರು, ಎಲ್ಲ ನಮ್ಮವರೇ. ಕೆಳಗೆ ‘ಹೆಸರು ತಿಳಿದಿಲ್ಲ’ ಎಂದಿದೆ.

“ಇವ್ಳು ನಮ್ಮಜ್ಜಿ ಲುಸಿಂಡಾ, ಸಾರ್,” ಎಂದೆ.

“ಅದಕ್ಕೆ ಪುರಾವೆ ಏನಿದೆಯಮ್ಮಾ?” ಎಂದರು ಜೊತೆಗಿದ್ದ ಪ್ರೊಫೆಸರ್. ಮರುಕ್ಷಣವೇ, “ಅಜ್ಜಿ ಹತ್ರ ಇಂಥ ಫೋಟೋ ಇನ್ನೂ ಇದಾವಾ? ನಾವೇ ಬಂದು ತಗೊಂಡು ಹೋಗ್ತೀವಿ,” ಎಂದರು.

ನನ್ನ ಮಾತನ್ನೇ ನಂಬದವರಿಗೆ ನಿನ್ನ ಫೋಟೋ ಪೆಟ್ಟಿಗೆ ಯಾಕೆ ಬೇಕು? ನನ್ನ ಹೆಸರು ಹೇಳಿಕೊಂಡು ಯಾರೇ ಬಂದರೂ ಕೊಡಬೇಡ.

ನನ್ನ ಕೆಮ್ಮು ವಾಸಿಯಾಗಿದೆ.

ಗ್ರಂಥಾಲಯದ ಕಾವಲಿನವಳು ಅತ್ತ ತಿರುಗಿದಾಗ ಫೋಟೋದ ಹಿಂದೆ ನಿನ್ನ ಹೆಸರು ಬರೆದುಬಿಟ್ಟೆ. ಉಳಿದ ನಾಲ್ವರು ಯಾರೆಂದು ಬೇಗ ತಿಳಿಸು.

ನಿನ್ನ ವರ್ಲೀನ್