ಪುಸ್ತಕ ಒಯ್ದವರ ಹೆಸರು

ಬಾಗ್ದಾದ್
೬ ನವೆಂಬರ್ ೧೯೪೯, ಭಾನುವಾರ

ಪ್ರೀತಿಯ ತಂಗಿ ಖಾತೂನ್‌ಗೆ,

ನಿನ್ನ ಮೂರು ಕಾಗದ ಬಂದಿವೆ, ಒಂದಕ್ಕೂ ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. ಇಲ್ಲೀಗ ಅಂಚೆಗೆ ಹಾಕಿದ್ದನ್ನೆಲ್ಲ ಒಡೆದು ಓದುತ್ತಾರೆ. ಖರ್ಜೂರದ ವ್ಯಾಪಾರಿ ಶಾವುಲ್ ಕಲ್ಕತ್ತೆಗೆ ಹೊರಟಿದ್ದಾನೆಂದು ತಿಳಿದು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದುಹಾಕು. ಮಂಡಿನೋವೊಂದು ಬಿಟ್ಟರೆ ಅಮ್ಮ ಚೆನ್ನಾಗಿದ್ದಾಳೆ. ನಿನಗೆಂದು ಒಣನಿಂಬೆಯ ಗಂಟು ಕಟ್ಟಿದ್ದಾಳೆ.

ನನ್ನ ಸಂಕಟವೆಲ್ಲ ನಮ್ಮ ಯಹೂದಿಗಳ ಪುಸ್ತಕಾಲಯದ್ದು. ಅಪ್ಪ ಶಾಲೆಯ ಮಹಡಿಯಲ್ಲಿ ಒಂದೇ ಕಪಾಟಿನಿಂದ ಶುರುಮಾಡಿದ್ದು ನಿನಗೆ ಗೊತ್ತಲ್ಲ. ಇಟಲಿಯಲ್ಲಿ ಅಚ್ಚಾದ ಪ್ರಾರ್ಥನೆಯ ಪುಸ್ತಕಗಳು, ನಿನ್ನ ಕಲ್ಕತ್ತೆಯಿಂದ ಹಡಗಿನಲ್ಲಿ ಬಂದ ನಮ್ಮ ಮಾತಿನ ವಾರಪತ್ರಿಕೆಗಳು, ಯಾರದೋ ಅಜ್ಜ ಕೈಯಲ್ಲೇ ಬರೆದ ಮದುವೆಹಾಡುಗಳು, ಎಲ್ಲ ಸೇರಿ ನಾಲ್ಕು ಸಾವಿರ ದಾಟಿದ್ದವು. ಎಂಟು ವರ್ಷದ ಹಿಂದಿನ ಗಲಭೆಯಲ್ಲಿ ಪಕ್ಕದ ಹಾಜಿ ಅಬ್ಬಾಸ್ ಬಾಗಿಲಿಗೆ ಅಡ್ಡ ನಿಂತು, "ಇದು ನನ್ನ ಗೋದಾಮು, ಮುಟ್ಟಿ ನೋಡಿ" ಎಂದು ಗದರಿ ಉಳಿಸಿದ್ದ. ಈ ಸಲ ಬರುವವರು ಪೊಲೀಸರು. ಅವನಾದರೂ ಏನು ಮಾಡಿಯಾನು?

ಹೋದ ವಾರ ನಮ್ಮ ಬೀದಿಯಲ್ಲಿ ಮೂವರನ್ನು ಹಿಡಿದರು. ಒಬ್ಬನ ಮನೆಯಲ್ಲಿ ಸಿಕ್ಕಿದ್ದು ಒಂದು ಹೀಬ್ರೂ ವ್ಯಾಕರಣ, ಅಷ್ಟೇ. ಅವನು ಇಸ್ರೇಲಿನ ಕಡೆಯವನು ಅನ್ನುವುದಕ್ಕೆ ಅದೇ ಸಾಕ್ಷಿಯಂತೆ. ಅದರ ಮೇಲೆ ನಮ್ಮ ಪುಸ್ತಕಾಲಯದ ಮುದ್ರೆ ಇತ್ತು.

ಯಾರು ಯಾವ ಪುಸ್ತಕ ಒಯ್ದರು ಅಂತ ಅಪ್ಪನ ಕಾಲದಿಂದ ಬರೆದಿಟ್ಟ ರಿಜಿಸ್ಟರುಗಳಿವೆಯಲ್ಲ! ಅವುಗಳನ್ನು ಮೈಮೇಲಿನ ಹೊದಿಕೆಯೊಳಗೆ ಮುಚ್ಚಿಕೊಂಡು ಮನೆಗೆ ತಂದೆ. ನಮ್ಮ ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕ ಅಬು ದಾವೂದ್ ಹಿಂದೆಯೇ ಓಡಿಬಂದ. "ಮೊದಲ ಪುಟದಲ್ಲಿ ದೇವರ ಹೆಸರಿದೆ ಸಲೀಮಾ, ಸುಡಬಾರದಮ್ಮ, ಹೂಳಬೇಕು."

"ಹೂತಿದ್ದನ್ನ ಅಗೆಯೋಕೆ ಅವರಿಗೆ ಕೈಯಿಲ್ವಾ?" ಅಂದಳು ಅಮ್ಮ. ನನ್ನ ಕಡೆ ತಿರುಗಿ, "ಗಂಡನ್ನ ಕಟ್ಕೋ ಅಂದ್ರೆ ಕಪಾಟು ಕಟ್ಕೊಂಡೆ. ಈಗ ಊರನ್ನೇ ನುಂಗೋಕೆ ಬಂತು ನೋಡು. ಕೊಡಿಲ್ಲಿ!" ಅಂತ ಕಿತ್ತುಕೊಂಡು ರೊಟ್ಟಿಯ ಒಲೆಗೆ ಹಾಕಿದಳು. ಅಪ್ಪನ ದುಂಡಕ್ಷರ ಸುರುಟಿ ಕಪ್ಪಾಗುವುದನ್ನು ನೋಡುತ್ತ ನಿಂತೆ.

ಮಂಗಳವಾರ ಪೊಲೀಸರು ಪುಸ್ತಕಾಲಯಕ್ಕೆ ಬಂದೇಬಿಟ್ಟರು.

"ರಿಜಿಸ್ಟರ್ ಎಲ್ಲಿ?"

"ಗೆದ್ದಲು ತಿಂದವು, ಸಾಹೇಬರೇ."

ಅಧಿಕಾರಿ ನಕ್ಕ. "ನಿಮ್ಮ ಗೆದ್ದಲಿಗೂ ಓದೋಕೆ ಬರುತ್ತಾ?"

ಎರಡು ಗಾಡಿ ಪುಸ್ತಕ ಹೇರಿಕೊಂಡು, ಬಾಗಿಲಿಗೆ ಬೀಗ ಜಡಿದು ಹೋದರು. ಅಬು ದಾವೂದ್ ಈಗಲೂ ದಿನಾ ಬಂದು ಆ ಮೆಟ್ಟಿಲ ಮೇಲೆ ಕೂರುತ್ತಾನೆ. ಮನೆಗೆ ಹೋಗು ಅಂದರೆ ಕೇಳುವುದಿಲ್ಲ.

ನೀನು ದೂರ ಇರುವುದೇ ಒಳ್ಳೆಯದಾಯಿತು. ದೇವರು ನಿನ್ನನ್ನೂ ಮಕ್ಕಳನ್ನೂ ತನ್ನ ನೆರಳಲ್ಲಿ ಇಟ್ಟುಕೊಳ್ಳಲಿ.

ನಿನ್ನ ಅಕ್ಕ,
ಸಲೀಮಾ

ಮಡಚಿಟ್ಟಿದ್ದನ್ನು ಮತ್ತೆ ಬಿಚ್ಚಿದ್ದೇನೆ, ಖಾತೂನ್. ಬೀಗ ಜಡಿಯುವ ಮುಂಚೆ ಆ ಅಧಿಕಾರಿ, "ಒಂದು ಹೆಸರಾದರೂ ಹೇಳು, ಇಲ್ಲದಿದ್ದರೆ ನಿನ್ನ ತಾಯಿಯನ್ನ ಕರ್ಕೊಂಡು ಹೋಗ್ತೀವಿ" ಅಂದ. ಸತ್ತವರನ್ನು ಯಾರೇನು ಮಾಡಿಯಾರು ಅಂದುಕೊಂಡು, ಜ್ವರದಲ್ಲಿ ತೀರಿಹೋದ ನಮ್ಮ ತಮ್ಮ ನಯೀಮನ ಹೆಸರು ಹೇಳಿಬಿಟ್ಟೆ. ಇಲ್ಲೇ ಅಂಗಡಿ ಇಟ್ಟಿರುವ ನಿನ್ನ ಮೈದುನನದೂ ಅದೇ ಹೆಸರೆಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಶುಕ್ರವಾರ ಅವನನ್ನು ಅಂಗಡಿಯಿಂದ ಎಳೆದೊಯ್ದರು. ಹೆಸರು ಕೊಟ್ಟವರು ಯಾರೆಂದು ನಿನ್ನ ಅತ್ತೆ ಮನೆಮನೆಗೆ ಹೋಗಿ ಕೇಳುತ್ತಿದ್ದಾರೆ. ನಿನ್ನೆ ನಮ್ಮಲ್ಲಿಗೂ ಬಂದು ನನ್ನ ಕೈ ಹಿಡಿದು ಅತ್ತರು. ನಾನು ನೀರು ತಂದುಕೊಟ್ಟೆ.

ನಾಳೆ ಠಾಣೆಗೆ ಹೋಗಿ, ನಾನು ಹೇಳಿದ್ದು ಸತ್ತ ತಮ್ಮನ ಹೆಸರೆಂದು ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೆ ಹೇಳಿಲ್ಲ. ನಿನ್ನ ಗಂಡನಿಗೆ, ಬೇರೆಯವರ ಬಾಯಿಂದ ಕೇಳುವ ಮುಂಚೆ, ನೀನೇ ಹೇಳು.